ಹೆಸರು ಕಳೆದುಕೊಂಡ ಹತಾರ ಮತ್ತು ನಿಘಂಟಿನ ‘ಒಂದು ಬಗೆ’

ಮರಗೆಲಸದ ಕುಟುಂಬವೊಂದರಲ್ಲಿ ಹಿರಿಯರು ತೀರಿಕೊಂಡು, ಮನೆ ಪಾಲಾಗಿ, ಅಟ್ಟದ ಮೇಲಿದ್ದ ಹತಾರಗಳ ಪೆಟ್ಟಿಗೆ ಕೆಳಗಿಳಿದಾಗ ಅದರೊಳಗಿನ ಅರ್ಧದಷ್ಟು ವಸ್ತುಗಳನ್ನು ಮಾತ್ರ ಮಕ್ಕಳು ಗುರುತಿಸಬಲ್ಲರು. ಗರಗಸ, ಸುತ್ತಿಗೆ, ಉಳಿ, ಬಾಚಿಗಳಿಗೆ ಪರಿಚಯದ ಅಗತ್ಯವಿಲ್ಲ. ಉಳಿದ ಅರ್ಧದ ಪಾಡು ಬೇರೆ. ತುದಿಯಲ್ಲಿ ಅಲೆಯಂತೆ ಬಾಗಿದ ಗೇಣುದ್ದದ ಉಕ್ಕಿನ ಪಟ್ಟಿಗಳು, ಒಂದು ಮುಖದಲ್ಲಿ ನುಣುಪಾದ ಕುಳಿಯಿರುವ ಮರದ ಗುಂಡು, ಬಾಲ ಚೌಕವಾಗಿದ್ದು ಮೈ ಸುರುಳಿಯಾಗಿರುವ ಕಬ್ಬಿಣ, ಎರಡು ತೂತುಗಳಿರುವ ಎರಕದ ತುಂಡು. ಇವು ಸ್ವತಂತ್ರ ಹತಾರಗಳಲ್ಲ. ಬೇರೊಂದು ಹತಾರಕ್ಕೆ ಸೇರಿಸಿಕೊಂಡಾಗ ಮಾತ್ರ ಕೆಲಸಕ್ಕೆ ಬರುವ ಜೋಡಣೆಗಳು. ಮೂಲ ಹತಾರ ಮುರಿದೋ ಮಾರಿಯೋ ಹೋಗಿರುತ್ತದೆ, ಜೋಡಣೆ ಉಳಿದಿರುತ್ತದೆ. ಆಯುಧಪೂಜೆಯ ದಿನ ಉಳಿದವುಗಳ ಸಾಲಿನಲ್ಲಿ ಇದಕ್ಕೂ ಕುಂಕುಮ ಬೀಳುತ್ತದೆ. ‘ಇದು ಏನು?’ ಎಂಬ ಪ್ರಶ್ನೆಗೆ ‘ಅಜ್ಜನ ಕಾಲದ್ದು’ ಎಂಬುದೇ ಉತ್ತರ. ಒಂದು ತಲೆಮಾರು ಕಳೆದ ಮೇಲೆ ಅದು ಗುಜರಿಯವನ ತಕ್ಕಡಿಯನ್ನು ಏರುತ್ತದೆ. ಅಲ್ಲಿ ಅದಕ್ಕೆ ತೂಕವಿದೆ, ಹೆಸರಿಲ್ಲ.

ಇದನ್ನು ಯಂತ್ರಶಾಸ್ತ್ರದ ಅಥವಾ ಹಳೆಯ ವಸ್ತುಗಳ ಹವ್ಯಾಸಿಗಳ ಸಮಸ್ಯೆಯೆಂದು ಕನ್ನಡ ವಿಭಾಗಗಳು ಪಕ್ಕಕ್ಕಿಡುತ್ತ ಬಂದಿವೆ. ಆದರೆ ಸಮಸ್ಯೆಯ ಸ್ವರೂಪವನ್ನು ಗಮನಿಸಿದರೆ ಇದು ಮೂಲತಃ ಅರ್ಥನಿರ್ಣಯದ ಸಮಸ್ಯೆ ಎಂಬುದು ಸ್ಪಷ್ಟವಾಗುತ್ತದೆ. ಪ್ರಕೃತಿಯಿಂದ ಬೇರ್ಪಟ್ಟ ಪ್ರತ್ಯಯಕ್ಕೆ ಯಾವ ಸ್ಥಿತಿಯೋ ಹತಾರದಿಂದ ಬೇರ್ಪಟ್ಟ ಜೋಡಣೆಗೂ ಅದೇ ಸ್ಥಿತಿ. ಅದರ ಆಕಾರ ಕಣ್ಣೆದುರಿಗಿದೆ, ಅನ್ವಯ ಮಾತ್ರ ಕಳೆದುಹೋಗಿದೆ. ಅನ್ವಯವನ್ನು ಮರಳಿ ಹುಡುಕುವ ವಿಧಾನಗಳು ಗ್ರಂಥಸಂಪಾದನೆ, ಶಾಸನಾಧ್ಯಯನ ಮತ್ತು ನಿಘಂಟುರಚನೆಯಲ್ಲಿ ಪಳಗಿದವರಿಗೆ ಅಪರಿಚಿತವೇನಲ್ಲ. ಈ ಪರಿಚಯವನ್ನು ಇದುವರೆಗೆ ಮರಗೆಲಸದ ಪೆಟ್ಟಿಗೆಯತ್ತ ತಿರುಗಿಸಿಲ್ಲ ಎನ್ನುವುದಷ್ಟೇ ಇಲ್ಲಿನ ಆಕ್ಷೇಪ.

ಪೆಟ್ಟಿಗೆಯ ಈ ಸಮಸ್ಯೆ ಕನ್ನಡನಾಡಿಗೆ ಸೀಮಿತವಾದುದಲ್ಲ. ಅಮೆರಿಕದಲ್ಲಿ ಅಜ್ಜನ ಹತಾರಗಳನ್ನು ಬಿಚ್ಚಿದವರನ್ನು ಹೆಚ್ಚಾಗಿ ಕಾಡುವುದು ಸ್ಟ್ಯಾನ್ಲಿ ಕಂಪನಿಯ 45ನೆಯ ಸಂಖ್ಯೆಯ ಕೂಡುಗೊರಡಿನ ತುಂಡುಗಳು. ಕನೆಕ್ಟಿಕಟ್ ರಾಜ್ಯದ ನ್ಯೂಬ್ರಿಟನ್ನಿನಲ್ಲಿದ್ದ ಆ ಕಂಪನಿ ಜಸ್ಟಸ್ ಟ್ರೌಟ್ ಎಂಬವನ ವಿನ್ಯಾಸದ ಈ ಉಜ್ಜುಗೊರಡನ್ನು 1880ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. 1960ರ ದಶಕದ ಆರಂಭದವರೆಗೂ ಅದು ಮಾರಾಟದಲ್ಲಿತ್ತು. ಅದುವರೆಗೆ ಬಡಗಿಯೊಬ್ಬ ತೋಡು ತೆಗೆಯಲು ಒಂದು, ಅಂಚಿಗೆ ಮಣಿಸಾಲಿನಂಥ ಉಬ್ಬು ಕೊಡಲು ಇನ್ನೊಂದು, ಕಿಟಕಿಯ ಚೌಕಟ್ಟಿಗೆ ಮತ್ತೊಂದು ಎಂದು ಹಲವು ಮರದ ಗೊರಡುಗಳನ್ನು ಹೊರಬೇಕಾಗಿತ್ತು. ಟ್ರೌಟನ ಗೊರಡಿನಲ್ಲಿ ಒಡಲು ಒಂದೇ, ಅಲಗುಗಳು ಇಪ್ಪತ್ತರಷ್ಟು. ಎರಡು ಸರಳುಗಳ ಮೇಲೆ ಒಡಲಿನ ಎರಡನೆಯ ಭಾಗ ಜಾರುತ್ತದೆ. ಅಲಗಿನ ಅಗಲಕ್ಕೆ ತಕ್ಕಂತೆ ಅದನ್ನು ಹತ್ತಿರಕ್ಕೋ ದೂರಕ್ಕೋ ಸರಿಸಿ ಬಿಗಿಯಬೇಕು. ಮರದ ಅಂಚಿಗೆ ತಾಗಿ ದಾರಿ ಕಾಯುವ ತಡೆಹಲಗೆ ಬೇರೆ, ಆಳ ಮಿತಿಮೀರದಂತೆ ತಡೆಯುವ ತುಂಡು ಬೇರೆ, ಎಳೆಗೆ ಅಡ್ಡಲಾಗಿ ತೋಡುವಾಗ ನಾರನ್ನು ಮೊದಲೇ ಸೀಳಿಕೊಡುವ ಪುಟ್ಟ ಉಕ್ಕು ಬೇರೆ. ಈ ಕೊನೆಯದು ಕೆಲವು ಮಾದರಿಗಳಲ್ಲಿ ಬೆರಳುಗುರಿನಷ್ಟೇ ದೊಡ್ಡದಾದ ಮೂರೆಲೆಯ ಆಕಾರದಲ್ಲಿರುತ್ತದೆ. ಪೆಟ್ಟಿಗೆಯ ತಳದಲ್ಲಿ ಅದೊಂದೇ ಸಿಕ್ಕಿದವರು ಅದನ್ನು ಆಭರಣದ ಚೂರೆಂದು ಭಾವಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಇದೇ ಗೊರಡಿಗೆ ಪ್ರತ್ಯೇಕವಾಗಿ ಮಾರಾಟವಾಗುತ್ತಿದ್ದ ಬಾಗುತಳಗಳು. ದುಂಡು ಉಬ್ಬನ್ನೂ ದುಂಡು ತಗ್ಗನ್ನೂ ತೆಗೆಯಲು 6, 8, 10, 12 ಎಂಬ ಸಂಖ್ಯೆಗಳ ತಳಗಳನ್ನು ಅದೇ ಸರಳುಗಳಿಗೆ ಏರಿಸಿಕೊಳ್ಳಬೇಕಾಗಿತ್ತು. ಗೊರಡಿನ ಜೊತೆಗಿದ್ದಾಗ ಇವುಗಳ ಉದ್ದೇಶ ಹಗಲಿನಷ್ಟು ಸ್ಪಷ್ಟ. ಬೇರ್ಪಟ್ಟಾಗ ಹಿಡಿಯಿಲ್ಲದ, ಅಲಗಿಲ್ಲದ, ಬಾಗಿದ ತಳದ ಎರಕದ ತುಂಡು ಯಾವುದರ ಭಾಗವೆಂದು ಹೇಳುವುದು ಅನುಭವಿ ಬಡಗಿಗೂ ಕಷ್ಟ. ಗುರುತಿಸುವವರು ನೋಡುವುದು ಅದರ ಆಕಾರವನ್ನಲ್ಲ, ತೂತುಗಳ ನಡುವಣ ಅಂತರವನ್ನು. ಆ ಅಂತರ ಯಾವ ಗೊರಡಿನ ಸರಳುಗಳಿಗೆ ಹೊಂದುತ್ತದೆಯೋ ಅದೇ ಅದರ ಮೂಲ. ಅಪರಿಚಿತ ತುಂಡು ತನ್ನ ಬಗ್ಗೆ ಹೇಳುವುದಕ್ಕಿಂತ ತಾನು ಕೂಡಬೇಕಾದ ಇನ್ನೊಂದರ ಬಗ್ಗೆ ಹೆಚ್ಚು ಹೇಳುತ್ತದೆ.

ಹತಾರದ ಮೈಮೇಲಿನ ಬರಹವನ್ನು ಓದುವುದಕ್ಕೂ ಶಾಸನ ಓದುವಷ್ಟೇ ಎಚ್ಚರ ಬೇಕಾಗುತ್ತದೆ. ಅಮೆರಿಕದ ಹತಾರಗಳ ಮೇಲೆ ಪೇಟೆಂಟಿನ ದಿನಾಂಕ ಒತ್ತಿರುವುದುಂಟು. ಅದನ್ನು ತಯಾರಾದ ದಿನವೆಂದು ತಿಳಿದವರು ಮೋಸಹೋಗುತ್ತಾರೆ. ಆ ದಿನಾಂಕಕ್ಕಿಂತ ಹಿಂದೆ ಹತಾರ ಹುಟ್ಟಿರಲಾರದು ಎಂಬುದಷ್ಟೇ ಅದರಿಂದ ಸಿಗುವ ಖಚಿತ ಮಾಹಿತಿ. ಇಂಗ್ಲೆಂಡಿನ ಹಳೆಯ ಉಳಿ ಮತ್ತು ಅಲಗುಗಳ ಮೇಲೆ ‘ಕಾಸ್ಟ್ ಸ್ಟೀಲ್’ ಎಂದಿದ್ದರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ವಸ್ತುವೆಂದು ಅರ್ಥವಲ್ಲ. 1740ರ ದಶಕದಲ್ಲಿ ಷೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ, ಮೂಸೆಯಲ್ಲಿ ಕರಗಿಸಿ ಪಡೆದ ಉಕ್ಕು ಎಂಬುದು ಅದರ ಅರ್ಥ. ಬೈರಿಗೆಗೆ ಸಿಕ್ಕಿಸುವ ಸುರುಳಿ ಕಬ್ಬಿಣದ ಬಾಲದ ಮೇಲೆ ‘9’ ಎಂದಿದ್ದರೆ ಅದು ಕ್ರಮಸಂಖ್ಯೆಯಲ್ಲ. ಅದು ಕೊರೆಯುವ ತೂತಿನ ಅಗಲ ಇಂಚಿನ ಹದಿನಾರರಲ್ಲಿ ಒಂಬತ್ತು ಭಾಗ ಎಂದು ಹೇಳುತ್ತದೆ. ಇಂಗ್ಲೆಂಡಿನ ಮರದ ಗೊರಡುಗಳ ಮುಂಬದಿಯಲ್ಲಿ ತಯಾರಕನ ಹೆಸರಿನ ಜೊತೆಗೆ ಒಂದರ ಮೇಲೊಂದರಂತೆ ಹಲವು ಒಡೆಯರ ಹೆಸರುಗಳು ಒತ್ತಿಕೊಂಡಿರುತ್ತವೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನ ಹೆಸರನ್ನೂ ಗ್ರಂಥದ ಒಡೆಯನ ಹೆಸರನ್ನೂ ಬೇರ್ಪಡಿಸಿ ಓದಿದವರಿಗೆ ಇಲ್ಲಿಯೂ ಅದೇ ವಿವೇಚನೆ ಒದಗುತ್ತದೆ. ಹಳೆಯ ಅರವನ್ನು ಕಾಯಿಸಿ ಬಡಿದು ಮಾಡಿದ ಉಳಿಯ ಬೆನ್ನಿನ ಮೇಲೆ ಅರದ ಹಲ್ಲುಗಳ ಮಸುಕು ಸಾಲು ಉಳಿದಿರುವುದನ್ನು ಕಂಡಾಗ, ಅಳಿಸಿ ಮತ್ತೆ ಬರೆದ ಕಲ್ಲಿನ ನೆನಪು ಬರದಿರದು.

ಪಶ್ಚಿಮದಲ್ಲಿ ಈ ಗುರುತಿಸುವಿಕೆ ಒಂದು ವಿದ್ಯೆಯಾಗಿ ಬೆಳೆದದ್ದು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಹೊರಗೆ. ಪೆನ್ಸಿಲ್ವೇನಿಯದ ಹೆನ್ರಿ ಮರ್ಸರ್ 1897ರಲ್ಲಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನ ರಾಶಿಯನ್ನು ಕೆದಕುತ್ತಿದ್ದಾಗ, ಯಂತ್ರಗಳು ಬಂದ ಮೇಲೆ ಎಸೆದ ಈ ಕೈಹತಾರಗಳೇ ದೇಶದ ಚರಿತ್ರೆಯ ಆಕರಗಳೆಂದು ಕಂಡುಕೊಂಡ. ಪ್ರಾಕ್ತನ ಸಂಶೋಧಕನಾಗಿದ್ದ ಅವನು ಅಂದಿನಿಂದ ಹತಾರಗಳನ್ನು ಸಂಗ್ರಹಿಸತೊಡಗಿ, 1916ರಲ್ಲಿ ಡಾಯ್ಲ್ಸ್‌ಟೌನಿನಲ್ಲಿ ಅವುಗಳಿಗಾಗಿಯೇ ಸಂಗ್ರಹಾಲಯವೊಂದನ್ನು ಕಟ್ಟಿ ಮುಗಿಸಿದ. 1929ರಲ್ಲಿ ಬಡಗಿಗಳ ಪ್ರಾಚೀನ ಹತಾರಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ. ಇಂಗ್ಲೆಂಡಿನ ಆರ್.ಎ. ಸಲಾಮನ್ 1975ರಲ್ಲಿ ಪ್ರಕಟಿಸಿದ ಮರಗೆಲಸದ ಹತಾರಗಳ ನಿಘಂಟು ಸುಮಾರು 1700ರಿಂದ 1970ರವರೆಗಿನ ಹತಾರಗಳನ್ನು ಚಿತ್ರಸಹಿತ ವಿವರಿಸುತ್ತದೆ. ಅಮೆರಿಕದಲ್ಲಿ 1933ರಲ್ಲಿ ಸ್ಥಾಪನೆಯಾದ ಆದಿಕಾಲದ ಕೈಗಾರಿಕೆಗಳ ಸಂಘದಲ್ಲಿ ಸದಸ್ಯರು ಗುರುತು ಸಿಗದ ವಸ್ತುಗಳನ್ನು ತಂದು ‘ಇದೇನು?’ ಎಂದು ಎಲ್ಲರ ಮುಂದಿಡುವ ಪದ್ಧತಿಯಿದೆ. ಯಾರಿಗೂ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲವೆಂದೇ ದಾಖಲಾಗುತ್ತದೆ. ವಿದ್ವತ್ಸಭೆಗಳಲ್ಲಿ ಈ ಬಗೆಯ ಪ್ರಾಮಾಣಿಕತೆ ಅಪರೂಪವೆಂದು ಒಂದು ಮಾತು ಸೇರಿಸಬಹುದು.

ಆದರೆ ಈ ವಿಧಾನವನ್ನು ಹಾಗೆಯೇ ತಂದು ಕನ್ನಡನಾಡಿನ ಪೆಟ್ಟಿಗೆಗೆ ಅನ್ವಯಿಸಲಾಗದು. ಅಲ್ಲಿನ ಗುರುತಿಸುವಿಕೆಯ ಬೆನ್ನೆಲುಬು ಕಾರ್ಖಾನೆಯ ಮಾರಾಟಪಟ್ಟಿ. ಷೆಫೀಲ್ಡಿನ ಹತಾರಗಳ ಚಿತ್ರಪಟ್ಟಿ 1816ರಷ್ಟು ಹಿಂದೆಯೇ ಅಚ್ಚಾಗಿತ್ತು. ಸ್ಟ್ಯಾನ್ಲಿಯಂಥ ಕಂಪನಿಗಳ ಪಟ್ಟಿಗಳು ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟಿದ್ದವು. ಕನ್ನಡನಾಡಿನ ಬಡಗಿಯ ಪೆಟ್ಟಿಗೆಯಲ್ಲಿ ಷೆಫೀಲ್ಡಿನ ಮುದ್ರೆಯ ಅಲಗೊಂದು ಸಿಗಬಹುದು, ಅದಕ್ಕೆ ಆ ಪಟ್ಟಿಗಳು ನೆರವಾಗಬಹುದು. ಹೆಚ್ಚಿನವು ಊರ ಕಮ್ಮಾರನು ಬಡಿದುಕೊಟ್ಟ, ಬಡಗಿಯೇ ಒಡಲು ಕೆತ್ತಿಕೊಂಡ ಹತಾರಗಳು. ಇವುಗಳಿಗೆ ಸಂಖ್ಯೆಯಿಲ್ಲ, ಮುದ್ರೆಯಿಲ್ಲ, ಪಟ್ಟಿಯಿಲ್ಲ. ಇದ್ದದ್ದು ಬಾಯಿಮಾತಿನ ಹೆಸರು ಮಾತ್ರ. ಅಂದರೆ ಅಲ್ಲಿ ಅಚ್ಚಾದ ಪಟ್ಟಿ ಮಾಡಿದ ಕೆಲಸವನ್ನು ಇಲ್ಲಿ ಭಾಷೆ ಮಾಡಿತ್ತು. ಕನ್ನಡ ಅಧ್ಯಯನಕ್ಕೂ ಈ ಪೆಟ್ಟಿಗೆಗೂ ಇರುವ ಸಂಬಂಧ ಇಲ್ಲಿದೆ.

ಎರಡು ಉದಾಹರಣೆಗಳನ್ನು ನೋಡಬಹುದು. ತುದಿಯಲ್ಲಿ ಅಲೆಯಂತೆ ಬಾಗಿದ ಉಕ್ಕಿನ ಪಟ್ಟಿ ಅಂಚುಗೆಲಸದ ಗೊರಡಿನ ಅಲಗು. ಅದರ ಬಾಗು ಅದು ಮರದಲ್ಲಿ ಮೂಡಿಸುವ ಆಕಾರದ ತಿರುವು ರೂಪ. ಅಲಗಿನಲ್ಲಿ ತಗ್ಗಿರುವಲ್ಲಿ ಮರದಲ್ಲಿ ಉಬ್ಬು, ಅಲಗಿನಲ್ಲಿ ಉಬ್ಬಿರುವಲ್ಲಿ ಮರದಲ್ಲಿ ತಗ್ಗು. ಅಲಗು ಓರೆಯಾಗಿ ಕೂರುವುದರಿಂದ ಅಳತೆಯಲ್ಲಿ ತುಸು ವ್ಯತ್ಯಾಸ ಬರುತ್ತದೆಯಾದರೂ ಹೋಲಿಕೆ ತಪ್ಪುವುದಿಲ್ಲ. ಆದ್ದರಿಂದ ಆ ಅಲಗನ್ನು ಒದ್ದೆ ಜೇಡಿಮಣ್ಣಿನ ಮೇಲೆ ಎಳೆದು, ಮೂಡಿದ ಗೆರೆಗಳನ್ನು ಅದೇ ಮನೆಯ, ಅದೇ ಬೀದಿಯ, ಅದೇ ಊರಿನ ದೇವಸ್ಥಾನದ ಬಾಗಿಲವಾಡಗಳ ಅಂಚಿಗೆ ಹೋಲಿಸಿ ನೋಡಬಹುದು. ಹೊಂದಿದರೆ ಒಂದೇ ಏಟಿಗೆ ಮೂರು ಸಂಗತಿಗಳು ಸಿಗುತ್ತವೆ: ಹತಾರದ ಉಪಯೋಗ, ಬಾಗಿಲು ಮಾಡಿದ ಮನೆತನ, ಬಾಗಿಲಿನ ಮೇಲೆ ವರ್ಷ ಕೆತ್ತಿದ್ದರೆ ಹತಾರದ ಕಾಲವೂ. ಊರುಗಳಲ್ಲಿ ಹಳೆಯ ಬಾಗಿಲವಾಡಗಳು ಕಿತ್ತುಹೋಗಿ ಸಿಮೆಂಟಿನ ಚೌಕಟ್ಟುಗಳು ಬರುತ್ತಿರುವ ಹೊತ್ತಿನಲ್ಲಿ, ಗೂಡಿನ ಎರಡೂ ಅರ್ಧಗಳು ಒಟ್ಟಿಗೆ ಕಾಣೆಯಾಗುತ್ತಿವೆ. ಬಾಗಿಲು ಹಳೆಯ ಸಾಮಾನಿನ ಅಂಗಡಿಗೂ ಅಲಗು ಗುಜರಿಗೂ ಹೋದ ಮೇಲೆ ಅವೆರಡನ್ನು ಮತ್ತೆ ಎದುರುಬದುರು ಇಡಲು ಯಾರಿಂದಲೂ ಆಗದು.

ಇನ್ನೊಂದು ಉದಾಹರಣೆ ಬೈರಿಗೆಯದು. ಕಮಾನಿನ ದಾರವನ್ನು ಸುತ್ತಿ ಹಿಂದೆ ಮುಂದೆ ಎಳೆಯುವ ಬೈರಿಗೆ ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುತ್ತದೆ. ಹೀಗಾಗಿ ಅದರ ಮೊನೆಯನ್ನು ಈಟಿಯಂತೆ ಚಪ್ಪಟೆಮಾಡಿ ಎರಡೂ ದಿಕ್ಕಿಗೆ ಕೆರೆಯುವ ಹಾಗೆ ಮಸೆದಿರುತ್ತಾರೆ. ಬಾಗಿದ ಹಿಡಿಯನ್ನು ಹಿಡಿದು ಒಂದೇ ದಿಕ್ಕಿಗೆ ಸುತ್ತುವ, ವಿದೇಶದಿಂದ ಬಂದ ಬ್ರೇಸ್ ಎಂಬ ಕೊರೆಯುವ ಹತಾರದ ಮೊನೆಗೆ ಒಂದೇ ಕಡೆಗೆ ಹರಿತ ಸಾಕು. ಅದರ ತುದಿಯಲ್ಲಿ ಮರವನ್ನು ಕಚ್ಚಿ ಒಳಗೆಳೆದುಕೊಳ್ಳುವ ಸಣ್ಣ ತಿರುಪು ಇರಬಹುದು. ಹಿಂದುಮುಂದು ತಿರುಗುವ ಬೈರಿಗೆಗೆ ಆ ತಿರುಪು ಇದ್ದರೆ ಅದು ಒಮ್ಮೆ ಒಳಹೊಕ್ಕು ಮರುಗಳಿಗೆ ಹೊರಬರುತ್ತಿತ್ತು. ಹರಿತ ಯಾವ ಕಡೆಗಿದೆ ಎಂದು ಬೆಳಕಿಗೆ ಹಿಡಿದು ನೋಡುವುದರಿಂದಲೇ ಅನಾಥವಾದ ಮೊನೆಯೊಂದು ಯಾವ ಚಲನೆಗೆ ಸೇರಿದ್ದೆಂದು ಹೇಳಬಹುದು. ಪೆಟ್ಟಿಗೆಯಲ್ಲಿದ್ದ, ಒಂದು ಮುಖದಲ್ಲಿ ನುಣುಪಾದ ಕುಳಿಯಿರುವ ಮರದ ಗುಂಡಿಗೂ ಈಗ ಅನ್ವಯ ದೊರೆಯುತ್ತದೆ: ತಿರುಗುವ ಬೈರಿಗೆಯ ನೆತ್ತಿಯನ್ನು ಅಂಗೈ ಸುಡದಂತೆ ಒತ್ತಿಹಿಡಿಯುವ ಟೊಪ್ಪಿಗೆ ಅದು. ಕುಳಿಯ ನುಣುಪನ್ನು ಯಾರೂ ಕೆತ್ತಿದ್ದಲ್ಲ, ವರ್ಷಗಟ್ಟಲೆ ತಿರುಗಿದ ಮರವೇ ಮಾಡಿದ್ದು.

ಇಲ್ಲಿಯವರೆಗಿನದು ವಸ್ತು ಹೇಳುವ ಸಾಕ್ಷಿ. ಪದ ಹೇಳುವ ಸಾಕ್ಷಿಯನ್ನು ಕೇಳಿದರೆ ಇನ್ನೂ ಕೆಲವು ಸಂಗತಿಗಳು ತೆರೆದುಕೊಳ್ಳುತ್ತವೆ. ಮರವನ್ನು ನಯಮಾಡುವ ಹತಾರಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಕೀಸುಳಿ, ಉಜ್ಜುಗೊರಡು, ಹತ್ತರಿ, ತೋಪಡ, ರಂದಾ ಎಂಬ ಪದಗಳು ಪ್ರದೇಶಕ್ಕೊಂದರಂತೆ ಬಳಕೆಯಲ್ಲಿವೆ. ಇವು ಪರ್ಯಾಯಪದಗಳೆಂದು ನಿಘಂಟು ಒಂದರ ಎದುರು ಇನ್ನೊಂದನ್ನು ಬರೆದು ಮುಂದೆ ಹೋಗುತ್ತದೆ. ಆದರೆ ‘ಕೀಸುಳಿ’ ಎಂಬ ಪದ ಹತಾರವನ್ನು ಉಳಿಯೆಂದು ಗ್ರಹಿಸುತ್ತದೆ. ತಮಿಳಿನ ‘ಇಳೈಪ್ಪುಳಿ’ಯೂ ಹಾಗೆಯೇ. ‘ಉಜ್ಜುಗೊರಡು’ ಎಂಬ ಪದ ಅದನ್ನು ಕೊರಡೆಂದು, ಅಂದರೆ ಮರದ ತುಂಡೆಂದು ಗ್ರಹಿಸುತ್ತದೆ. ಒಂದು ಅಲಗಿನ ಕಡೆಯಿಂದ ನೋಡಿದ ಹೆಸರು, ಇನ್ನೊಂದು ಒಡಲಿನ ಕಡೆಯಿಂದ ನೋಡಿದ ಹೆಸರು. ಹತಾರದ ನಿಜಸ್ಥಿತಿಯೂ ಅದೇ ಅಲ್ಲವೇ? ಕೈಯಲ್ಲಿ ಹಿಡಿದಾಗ ಅಲುಗಾಡುವ ಉಳಿಯನ್ನು ಮರದ ಕೊರಡಿನೊಳಗೆ ಒಂದೇ ಓರೆಗೆ ಬಿಗಿದು ಕೂರಿಸಿದರೆ ಅದೇ ಕೀಸುಳಿ. ಪೆಟ್ಟಿಗೆಯಲ್ಲಿ ಒಡಲಿಲ್ಲದ ಅಲಗೊಂದು ಸಿಕ್ಕಾಗ ‘ಇದು ಹಿಡಿಯಿಲ್ಲದ ಉಳಿಯೋ?’ ಎಂದು ಗೊಂದಲಪಡುವ ಮೊಮ್ಮಗನಿಗೆ ‘ಕೀಸುಳಿ’ ಎಂಬ ಪದದೊಳಗೇ ಉತ್ತರವಿತ್ತು. ಅವನಿಗೆ ಗೊತ್ತಿರುವುದು ‘ಪ್ಲೇನ್’ ಎಂಬ ಪದ. ಅದಕ್ಕೆ ಉಳಿಯ ನೆನಪೂ ಇಲ್ಲ, ಕೊರಡಿನ ನೆನಪೂ ಇಲ್ಲ.

‘ರಂದಾ’ ಎಂಬುದು ಪಾರಸಿಯಿಂದ ಬಂದ ಪದ. ಇಂದು ಬೆಂಗಳೂರಿನಂಥ ನಗರಗಳ ಮರಗೆಲಸದಲ್ಲಿ ಉತ್ತರದ ರಾಜ್ಯಗಳಿಂದ ಬಂದ ಕೆಲಸಗಾರರು ಹೆಚ್ಚಾಗಿರುವುದರಿಂದ ಅದು ಮತ್ತೊಂದು ಹಾದಿಯಲ್ಲಿ ಮತ್ತೆ ಬರುತ್ತಿದೆ. ಇದನ್ನು ಕಂಡು ಕಳವಳಪಡಬೇಕಾಗಿಲ್ಲ. ಹತಾರದ ಜೊತೆಗೆ ಪದ ಪ್ರಯಾಣ ಮಾಡುವುದು ಸಹಜ. ಯಾವ ಪದ ಯಾವ ಹತಾರದ ಜೊತೆಗೆ, ಯಾವ ಕಸುಬುದಾರರ ಜೊತೆಗೆ ಬಂದಿತು ಎಂಬುದನ್ನು ದಾಖಲಿಸದೆ ಬಿಡುವುದು ಮಾತ್ರ ಲೋಪ.

ಕನ್ನಡ ನಿಘಂಟುಗಳ ಸಾಧನೆ ಅಲ್ಪವಾದುದಲ್ಲ. ಕಿಟೆಲ್ ಅವರ 1894ರ ನಿಘಂಟು ಆಡುಮಾತಿನ ಎಷ್ಟೋ ಪದಗಳನ್ನು ಉಳಿಸಿಕೊಟ್ಟಿದೆ. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟು ಐತಿಹಾಸಿಕ ತತ್ತ್ವವನ್ನು ಅನುಸರಿಸಿ ಸಾಹಿತ್ಯಕೃತಿ ಮತ್ತು ಶಾಸನಗಳ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡಿದೆ. ಆದರೆ ಐತಿಹಾಸಿಕ ತತ್ತ್ವದ ಮಿತಿ ಅದರ ಶಕ್ತಿಯಲ್ಲೇ ಅಡಗಿದೆ. ಬರಹದಲ್ಲಿ ಪ್ರಯೋಗ ಸಿಕ್ಕ ಪದಕ್ಕೆ ಅಲ್ಲಿ ಭದ್ರವಾದ ಸ್ಥಾನವಿದೆ. ಬಡಗಿಯ ಬಾಯಲ್ಲಿ ಎಂಟುನೂರು ವರ್ಷ ಬಾಳಿಯೂ ಕವಿಯ ಓಲೆಗೆ ಏರದ ಪದಕ್ಕೆ ಪ್ರಯೋಗವೆಂಬ ಸಾಕ್ಷಿ ಎಲ್ಲಿಂದ ಬರಬೇಕು? ಹೇಗೋ ಒಳಗೆ ಬಂದ ಪದಗಳಿಗೂ ಸಾಮಾನ್ಯ ನಿಘಂಟುಗಳಲ್ಲಿ ಒದಗುವ ಅರ್ಥ ‘ಬಡಗಿಯ ಒಂದು ಉಪಕರಣ’, ‘ಒಂದು ಬಗೆಯ ಉಳಿ’ ಎಂಬಂಥದು. ಈ ‘ಒಂದು ಬಗೆ’ ಎಂಬ ನುಡಿಗೂ ಪೆಟ್ಟಿಗೆಯ ಮುಂದೆ ಕುಳಿತ ವಾರಸುದಾರನ ‘ಏನೋ ಒಂದು ಕಬ್ಬಿಣ’ ಎಂಬ ಮಾತಿಗೂ ವ್ಯತ್ಯಾಸವೇನು? ಒಬ್ಬನ ಬಳಿ ವಸ್ತುವಿದೆ, ಪದವಿಲ್ಲ. ಇನ್ನೊಬ್ಬನ ಬಳಿ ಪದವಿದೆ, ವಸ್ತುವಿಲ್ಲ. ‘ಅರ’ ಎಂಬ ನಮೂದನ್ನೇ ತೆಗೆದುಕೊಳ್ಳಬಹುದು. ಕಬ್ಬಿಣವನ್ನು ಉಜ್ಜುವ ಅರ ದ್ರಾವಿಡ ಪದ. ಚಕ್ರದ ಅರ ಸಂಸ್ಕೃತದ್ದು. ಗಾಡಿ ಮಾಡುವ ಬಡಗಿಯ ಕೊಟ್ಟಿಗೆಯಲ್ಲಿ ಎರಡೂ ಇರುತ್ತವೆ. ಅಲ್ಲಿಂದ ತಂದ ವಸ್ತುವಿಗೆ ‘ಅರ’ ಎಂದಷ್ಟೇ ಚೀಟಿ ಅಂಟಿಸಿದರೆ ಮುಂದಿನ ಸಂಶೋಧಕನಿಗೆ ಅದರಿಂದ ಆಗುವ ಉಪಕಾರ ಅಷ್ಟರಲ್ಲೇ ಇದೆ.

ಕನ್ನಡ ತರಗತಿಗಳಲ್ಲಿಯೇ ಈ ಕೊರತೆ ನಿತ್ಯ ಎದುರಾಗುತ್ತದೆ. ವಚನಕಾರ್ತಿಯರ ಸಾಲಿನಲ್ಲಿ ‘ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ’ಯ ಹೆಸರು ಬರುತ್ತದೆ. ಗಂಡನ ಕಾಯಕದ ಹತಾರವೇ ಹೆಸರಿನ ಭಾಗವಾಗಿ ಎಂಟು ಶತಮಾನಗಳಾಚೆಗೂ ಉಳಿದುಬಂದ ಅಪೂರ್ವ ಸಂದರ್ಭ ಅದು. ಕಾಯಕತತ್ತ್ವದ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆಸುವ ತರಗತಿಯಲ್ಲಿ ಬಾಚಿಗೂ ಕೊಡಲಿಗೂ ಇರುವ ಭೇದವನ್ನು ಕೇಳಿದರೆ ಎಷ್ಟು ಮಂದಿ ಹೇಳಬಲ್ಲರು? ಕೊಡಲಿಯ ಅಲಗು ಕಾವಿನ ನೇರಕ್ಕಿದೆ, ಬಾಚಿಯ ಅಲಗು ಕಾವಿಗೆ ಅಡ್ಡವಾಗಿದೆ. ಕೊಡಲಿ ಕಡಿಯುತ್ತದೆ, ಬಾಚಿ ತನ್ನ ಕಡೆಗೆ ಎಳೆದುಕೊಳ್ಳುತ್ತ ಕೆತ್ತುತ್ತದೆ. ದಿಮ್ಮಿಯನ್ನು ತೊಲೆಯಾಗಿಸುವುದು, ಒರಟನ್ನು ಆಕಾರಕ್ಕೆ ತರುವುದು ಬಾಚಿಯ ಕೆಲಸ. ಒಂದು ಕಾಯಕವನ್ನು ಆ ಹತಾರದ ಹೆಸರಿನಿಂದಲೇ ಏಕೆ ಕರೆದರು ಎಂಬ ಪ್ರಶ್ನೆ ಬಾಚಿಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದವರಿಗಷ್ಟೇ ಹುಟ್ಟೀತು.

ಪದ ಮತ್ತು ವಸ್ತುಗಳನ್ನು ಒಟ್ಟಿಗೆ ಅಧ್ಯಯನ ಮಾಡಬೇಕೆಂಬುದು ಹೊಸ ಮಾತಲ್ಲ. ಆಸ್ಟ್ರಿಯದ ಭಾಷಾವಿಜ್ಞಾನಿ ರುಡಾಲ್ಫ್ ಮೆರಿಂಗರ್ ಮತ್ತು ಅವನ ಸಂಗಡಿಗರು 1909ರಲ್ಲಿ ‘ಪದಗಳು ಮತ್ತು ವಸ್ತುಗಳು’ ಎಂಬ ಅರ್ಥದ ಹೆಸರಿನ ಜರ್ಮನ್ ಪತ್ರಿಕೆಯನ್ನೇ ಆರಂಭಿಸಿದ್ದರು. ವಸ್ತುವಿನ ಚರಿತ್ರೆಯಿಲ್ಲದೆ ಪದದ ಚರಿತ್ರೆ ಸಾಧ್ಯವಿಲ್ಲವೆಂಬುದು ಅವರ ನಿಲುವು. ಅದಕ್ಕೂ ಮೊದಲೇ, 1885ರಲ್ಲಿ, ಗ್ರಿಯರ್ಸನ್ ಬಿಹಾರದ ರೈತಜೀವನವನ್ನು ಕುರಿತ ತನ್ನ ಗ್ರಂಥದಲ್ಲಿ ಹಳ್ಳಿಯ ಕಸುಬುದಾರರ ಹತಾರಗಳ ಹೆಸರುಗಳನ್ನು ಚಿತ್ರಗಳೊಡನೆ ಪಟ್ಟಿಮಾಡಿದ್ದ. ಅದು ವಸಾಹತು ಆಡಳಿತದ ಅಗತ್ಯದಿಂದ ಹುಟ್ಟಿದ ಕೃತಿ ಎಂಬುದನ್ನು ಮರೆಯಬೇಕಾಗಿಲ್ಲ. ಬಿಹಾರದ ಬಡಗಿಯ ಹತಾರಗಳಿಗೆ ಅದಕ್ಕಿಂತ ಹಿಂದಿನ ಅಷ್ಟು ವಿವರವಾದ ದಾಖಲೆ ಸಿಗುವುದು ಕಷ್ಟ ಎಂಬುದನ್ನೂ ಮರೆಯಲಾಗದು. ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಮಾಂಡಲಿಕ ವೃತ್ತಿಪದಕೋಶದ ವ್ಯವಸಾಯ ಸಂಪುಟವನ್ನು 1962ರಲ್ಲಿ ಹೊರತಂದರು; ನೇಕಾರಿಕೆಯ ಸಂಪುಟ ಅದನ್ನು ಅನುಸರಿಸಿತು. ತುಳುವಿನಲ್ಲಿ ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ನಿಘಂಟು ಆಡುನುಡಿಯನ್ನೇ ಮುಖ್ಯ ಆಕರವಾಗಿ ಮಾಡಿಕೊಂಡಿತು. ಬರಹದ ಪ್ರಯೋಗ ಹೆಚ್ಚಿಲ್ಲದ ಭಾಷೆಗೆ ಅನಿವಾರ್ಯವಾಗಿದ್ದ ಆ ಮಾರ್ಗವೇ ಕಸುಬಿನ ಪದಗಳ ವಿಷಯದಲ್ಲಿ ಹೆಚ್ಚು ಫಲವತ್ತಾದದ್ದು ಎಂಬುದು ಯೋಚಿಸತಕ್ಕ ಸಂಗತಿ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಇದು ಮಾನವಶಾಸ್ತ್ರದ ಅಥವಾ ಜಾನಪದದ ಕೆಲಸ, ಸಾಹಿತ್ಯ ವಿಭಾಗದ್ದಲ್ಲ ಎಂಬುದು ಮೊದಲನೆಯದು. ಜಾನಪದ ಅಧ್ಯಯನ ಹತಾರಗಳನ್ನು ಸಂಗ್ರಹಿಸಿದೆ ನಿಜ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಂಥ ಪ್ರಯತ್ನಗಳಿಲ್ಲದಿದ್ದರೆ ಹಳ್ಳಿಯ ಬದುಕಿನ ಎಷ್ಟೋ ಸಾಮಾನುಗಳು ಇಂದು ನೋಡಲೂ ಸಿಗುತ್ತಿರಲಿಲ್ಲ. ಆದರೆ ಜಾನಪದದ ಕ್ಷೇತ್ರಕಾರ್ಯ ಹಾಡು, ಕಥೆ, ಆಚರಣೆಗಳ ಕಡೆಗೆ ಒಲಿದಷ್ಟು ಕಸುಬಿನ ನುಡಿಯ ಕಡೆಗೆ ಒಲಿಯಲಿಲ್ಲ. ಬಡಗಿಯ ಬಾಯಿಂದ ಹಾಡು ಬರೆದುಕೊಂಡವರು ಅವನ ಗೂಡಿನಲ್ಲಿದ್ದ ಇಪ್ಪತ್ತು ಅಲಗುಗಳ ಹೆಸರನ್ನು ಕೇಳದೆ ಹಿಂದಿರುಗಿದ ಸಂದರ್ಭಗಳೇ ಹೆಚ್ಚು. ಹಾಡಿಗೆ ಇನ್ನೊಬ್ಬ ಹಾಡುಗಾರ ಸಿಗುತ್ತಾನೆ, ಪಾಠಾಂತರವಾದರೂ ಉಳಿಯುತ್ತದೆ. ಒಬ್ಬ ಬಡಗಿ ತನಗೆಂದು ಮಾಡಿಕೊಂಡ ಹತಾರದ ಹೆಸರಿಗೆ ಪಾಠಾಂತರವೂ ಇರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ಈ ಜ್ಞಾನ ವಿಶ್ವಕರ್ಮ ಮುಂತಾದ ಕಸುಬುದಾರ ಸಮುದಾಯಗಳದ್ದು. ಅದನ್ನು ವಿಶ್ವವಿದ್ಯಾನಿಲಯದವರು ಬರೆದುಕೊಂಡು ಹೋಗಿ ಪದವಿ ಪಡೆಯುವುದರಿಂದ ಆ ಕುಟುಂಬಗಳಿಗೆ ಬರುವುದೇನು? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹತಾರ ಗುರುತಿಸಿದ ಬಡಗಿಯ ಹೆಸರು ಸಂಶೋಧನ ಪ್ರಬಂಧದಲ್ಲಿ ಕೃತಜ್ಞತೆಯ ಪುಟದ ‘ಮಾಹಿತಿದಾರರು’ ಎಂಬ ಗುಂಪಿನಲ್ಲಿ ಕರಗಿಹೋಗುವುದು ರೂಢಿಯಾಗಿದೆ. ಓಲೆಯ ಒಂದು ಅಕ್ಷರವನ್ನು ಸರಿಯಾಗಿ ಓದಿದ ವಿದ್ವಾಂಸನ ಹೆಸರು ಅಡಿಟಿಪ್ಪಣಿಯಲ್ಲಿ ಬರುವಂತೆ, ಅಲಗೊಂದನ್ನು ಸರಿಯಾಗಿ ಗುರುತಿಸಿದವನ ಹೆಸರು, ಅವನ ಒಪ್ಪಿಗೆಯಿದ್ದರೆ, ಆ ನಮೂದಿನ ಎದುರಿಗೇ ಬರಬೇಕು. ಹತಾರವೂ ಆ ಮನೆಯಲ್ಲಿಯೇ ಉಳಿಯಬಹುದು. ದಾಖಲೆಗೆ ಬೇಕಾದದ್ದು ಅಳತೆ, ಚಿತ್ರ, ಹೆಸರು ಮತ್ತು ಬಳಸುವ ಕೈಯ ಚಲನೆ. ಇದೇ ಸಂದರ್ಭದಲ್ಲಿ ಇನ್ನೊಂದು ಅಪಾಯವನ್ನೂ ಹೇಳಬೇಕು. ಹೆಸರು ಸಿಗದ ತುಂಡುಗಳಿಗೆಲ್ಲ ಕೂತಲ್ಲೇ ಸಂಸ್ಕೃತಮೂಲದ ಅಥವಾ ಅಚ್ಚಗನ್ನಡದ ಹೊಸ ಪದ ಟಂಕಿಸಿಕೊಡುವ ಉತ್ಸಾಹ ಕೆಲವರಲ್ಲಿದೆ. ಪದಸೃಷ್ಟಿಗೆ ಅದರದೇ ಆದ ಕ್ಷೇತ್ರವಿದೆ. ಆದರೆ ಇದ್ದ ಹೆಸರನ್ನು ಹುಡುಕುವ ಮೊದಲೇ ಹೊಸ ಹೆಸರಿಡುವುದು ಬದುಕಿರುವವನ ಆಸ್ತಿಗೆ ಬೇರೊಬ್ಬನನ್ನು ದತ್ತು ತಂದಂತೆ.

ಕೆಲಸದ ಸ್ವರೂಪ ದೊಡ್ಡದೇನಲ್ಲ. ಎಂ.ಎ. ಅಂತಿಮ ವರ್ಷದ ವಿದ್ಯಾರ್ಥಿಗಳು ಕಿರುಪ್ರಬಂಧಕ್ಕಾಗಿ ಕಾದಂಬರಿಯೊಂದರ ಪಾತ್ರಗಳನ್ನು ಪುನಃ ವಿಂಗಡಿಸುವ ಬದಲು ತಮ್ಮ ತಾಲ್ಲೂಕಿನ ಒಂದು ಪೆಟ್ಟಿಗೆಯನ್ನು ಆರಿಸಿಕೊಳ್ಳಬಹುದು. ಅದರೊಳಗಿನ ಪ್ರತಿಯೊಂದು ತುಂಡಿನ ನೇರ ನೋಟದ ಮತ್ತು ಪಕ್ಕದ ನೋಟದ ಚಿತ್ರಗಳು ಅಳತೆಪಟ್ಟಿಯೊಡನೆ ಇರಬೇಕು. ಸವೆದ ಜಾಗ, ಹರಿತದ ದಿಕ್ಕು, ತೂತುಗಳ ಅಂತರ, ಮೈಮೇಲಿನ ಬರಹ ಇವುಗಳನ್ನು ಶಾಸನದ ಪಾಠದಂತೆ ಇದ್ದದ್ದು ಇದ್ದಹಾಗೆ ನಮೂದಿಸಬೇಕು. ತುಕ್ಕನ್ನು ಉಜ್ಜಿ ಹೊಳಪು ಕೊಡುವ ಉಪಕಾರ ಮಾಡಬಾರದು, ಮುದ್ರೆ ಅಳಿಯುವುದು ಆ ಉಜ್ಜಾಟದಲ್ಲೇ. ಆಮೇಲೆ ಹೆಸರು ಕೇಳಬೇಕು. ‘ಇದಕ್ಕೆ ಏನೆನ್ನುತ್ತೀರಿ?’ ಎಂದು ಚಿತ್ರ ತೋರಿಸಿ ಕೇಳಿದರೆ ಸಿಗುವ ಉತ್ತರಕ್ಕೂ, ವಸ್ತುವನ್ನೇ ಕೈಗಿತ್ತಾಗ ಸಿಗುವ ಉತ್ತರಕ್ಕೂ ಅಂತರವಿದೆ. ಎಪ್ಪತ್ತು ದಾಟಿದ ಬಡಗಿ ಹೆಸರನ್ನು ಕೂಡಲೇ ಹೇಳಲಾರ. ಅದನ್ನು ಅಂಗೈಯಲ್ಲಿ ಹೊರಳಿಸಿ, ಹೆಬ್ಬೆರಳನ್ನು ಅಲಗಿನ ಬೆನ್ನಿಗೆ ತಂದು, ಗಾಳಿಯಲ್ಲೇ ಒಮ್ಮೆ ಎಳೆದು ನೋಡುತ್ತಾನೆ. ಹಲವು ಸಲ ಹೆಸರು ಆ ಎಳೆತದ ನಂತರ ಬಾಯಿಗೆ ಬರುತ್ತದೆ, ಕೆಲವು ಸಲ ಬರುವುದಿಲ್ಲ. ಬಾರದಿದ್ದಾಗ ಆ ಎಳೆತವನ್ನಾದರೂ ಬರೆದುಕೊಳ್ಳಬೇಕು: ಯಾವ ಕಡೆಯಿಂದ ಯಾವ ಕಡೆಗೆ, ಒತ್ತಿಯೋ ಎಳೆದೋ, ಒಂದು ಕೈಯಲ್ಲೋ ಎರಡು ಕೈಯಲ್ಲೋ. ಹೆಸರಿನ ಮನೆಯಲ್ಲಿ ‘ತಿಳಿದಿಲ್ಲ’ ಎಂದು ದಿನಾಂಕದೊಡನೆ ಬರೆದು, ಇನ್ನೊಬ್ಬರು ತುಂಬಲು ಸಾಕಷ್ಟು ಜಾಗ ಬಿಟ್ಟಿರಬೇಕು.